ಕಲ್ಕತ್ತೆಯ ಕನ್ನಡ ವಿದ್ಯಾರ್ಥಿಗಳೂ ಸರಕಾರಿ ನೌಕರಿಯೂ

ಕನ್ನಡನಾಡಿನಿಂದ ಕಲ್ಕತ್ತೆಗೆ ಬಂದು ನೆಲೆಸಿದ ಕುಟುಂಬಗಳಲ್ಲಿ ಅನೇಕವು ವರ್ಗಾವಣೆಯ ಆದೇಶವೊಂದನ್ನು ಕೈಯಲ್ಲಿ ಹಿಡಿದು ಹೌರಾ ನಿಲ್ದಾಣದಲ್ಲಿ ಇಳಿದಂಥವು. 1906ರಲ್ಲಿ ಮಂಗಳೂರಿನಲ್ಲಿ ಜನಿಸಿದ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಆರಂಭವಾದ ಕಾರ್ಪೊರೇಷನ್ ಬ್ಯಾಂಕು, 1925ರಲ್ಲಿ ಉಡುಪಿಯಲ್ಲಿಯೇ ತಲೆಯೆತ್ತಿದ ಸಿಂಡಿಕೇಟ್ ಬ್ಯಾಂಕು, 1931ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾದ ವಿಜಯಾ ಬ್ಯಾಂಕು ಇವೆಲ್ಲ 1969 ಹಾಗೂ 1980ರ ರಾಷ್ಟ್ರೀಕರಣಗಳ ತರುವಾಯ ಪೂರ್ವ ಭಾರತದಲ್ಲಿಯೂ ಶಾಖೆಗಳನ್ನು ವಿಸ್ತರಿಸಿದಾಗ, ಅವುಗಳೊಡನೆ ಕರಾವಳಿಯ ಹಾಗೂ ಬಯಲುಸೀಮೆಯ ಎಷ್ಟೋ ಸಂಸಾರಗಳು ಗಂಗೆಯ ದಡಕ್ಕೆ ಬಂದು ಸೇರಿದವು. ರೈಲ್ವೆ, ಭೂಗರ್ಭ ಸರ್ವೇಕ್ಷಣ ಇಲಾಖೆ, ಲೆಕ್ಕಪರಿಶೋಧನ ಕಚೇರಿಗಳು ಇನ್ನಷ್ಟು ಮಂದಿಯನ್ನು ಕರೆತಂದವು. 2019 ಮತ್ತು 2020ರ ವಿಲೀನಗಳಲ್ಲಿ ಮೇಲ್ಕಂಡ ನಾಲ್ಕು ಬ್ಯಾಂಕುಗಳ ಪೈಕಿ ಮೂರರ ಹೆಸರು ಫಲಕಗಳಿಂದ ಅಳಿಸಿಹೋಯಿತು. ಬಂದವರು ಮಾತ್ರ ಇಲ್ಲಿಯೇ ಉಳಿದರು. ಕಸ್ಬಾ, ಬಾಲಿಗಂಜ್, ಢಾಕುರಿಯಾಗಳ ಮನೆಗಳಲ್ಲಿ ಬೆಳೆದ ಅವರ ಮಕ್ಕಳು ಇಂದು ಕಾಲೇಜಿನ ಮೆಟ್ಟಿಲೇರಿದ್ದಾರೆ.

ಈ ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಬಂಗಾಳಿ, ತರಗತಿಯಲ್ಲಿ ಇಂಗ್ಲಿಷ್ ಆಡುತ್ತಾರೆ. ಹೆಮ್ಮೆಪಡತಕ್ಕ ಸಂಗತಿಯೇ ಸರಿ. ಆದರೆ ಸರಕಾರಿ ನೌಕರಿಗೆ ಅರ್ಜಿ ತುಂಬುವ ಹೊತ್ತು ಬಂದಾಗ ಈ ಹೆಮ್ಮೆ ಒಮ್ಮೆಲೇ ಗೊಂದಲವಾಗಿ ಮಾರ್ಪಡುತ್ತದೆ. ಸ್ವಂತ ರಾಜ್ಯ ಯಾವುದು, ಹತ್ತನೆಯ ತರಗತಿಯಲ್ಲಿ ಓದಿದ ಭಾಷೆ ಯಾವುದು, ಜಾತಿ ಪ್ರಮಾಣಪತ್ರ ಕೊಟ್ಟ ಅಧಿಕಾರಿ ಯಾರು ಎಂಬ ಮೂರು ಪ್ರಶ್ನೆಗಳಿಗೆ ಪದವಿಯ ಅಂತಿಮ ವರ್ಷದಲ್ಲಿ ಉತ್ತರ ಹುಡುಕಹೊರಟವರು ಸಾಮಾನ್ಯವಾಗಿ ಒಂದು ವರ್ಷವನ್ನು ಕಳೆದುಕೊಳ್ಳುತ್ತಾರೆ. ಈ ಪ್ರಶ್ನೆಗಳಿಗೆ ಪದವಿಯ ಪ್ರಥಮ ವರ್ಷವೇ ತಕ್ಕ ಕಾಲ.

ಯಾವ ರಾಜ್ಯದವರು?

ಕೇಂದ್ರ ಸರಕಾರದ ಹುದ್ದೆಗಳ ಮಟ್ಟಿಗೆ ಈ ಪ್ರಶ್ನೆಯಿಂದ ಭಯಪಡಬೇಕಾದ ಕಾರಣವಿಲ್ಲ. ಸಂವಿಧಾನದ 16ನೆಯ ಅನುಚ್ಛೇದವು ಜನ್ಮಸ್ಥಳ ಅಥವಾ ವಾಸಸ್ಥಳಗಳ ಕಾರಣದಿಂದ ಸರಕಾರಿ ಉದ್ಯೋಗದಲ್ಲಿ ತಾರತಮ್ಯ ಮಾಡಲಾಗದೆಂದು ಸಾರುತ್ತದೆ. ಕೇಂದ್ರ ಲೋಕಸೇವಾ ಆಯೋಗ, ಸಿಬ್ಬಂದಿ ನೇಮಕಾತಿ ಆಯೋಗ, ರೈಲ್ವೆ ನೇಮಕಾತಿ ಮಂಡಳಿಗಳ ಪರೀಕ್ಷೆಗಳನ್ನು ಕಸ್ಬಾದ ಕನ್ನಡ ವಿದ್ಯಾರ್ಥಿಯು ಕೋಲ್ಕತ್ತ ಕೇಂದ್ರದಲ್ಲಿಯೇ ಬರೆಯಬಹುದು. 1975ರಲ್ಲಿ ಸ್ಥಾಪಿತವಾಗಿ 1977ರಲ್ಲಿ ಇಂದಿನ ಹೆಸರನ್ನು ಪಡೆದ ಸಿಬ್ಬಂದಿ ನೇಮಕಾತಿ ಆಯೋಗದ ಪೂರ್ವ ವಲಯ ಕಚೇರಿಯು ಆಚಾರ್ಯ ಜಗದೀಶಚಂದ್ರ ಬೋಸ್ ರಸ್ತೆಯ ನಿಜಾಂ ಪ್ಯಾಲೇಸಿನಲ್ಲಿದೆ. ಆ ಆಯೋಗವು 2023ರಿಂದ ಹತ್ತನೆಯ ಹಾಗೂ ಹನ್ನೆರಡನೆಯ ತರಗತಿಯ ಮಟ್ಟದ ತನ್ನ ಎರಡು ಪ್ರಮುಖ ಪರೀಕ್ಷೆಗಳನ್ನು ಹಿಂದಿ, ಇಂಗ್ಲಿಷುಗಳಲ್ಲದೆ ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸತೊಡಗಿದುದು ಕನ್ನಡಿಗರ ಬಹುಕಾಲದ ಬೇಡಿಕೆಯೊಂದು ಈಡೇರಿದಂತೆಯೇ. ಕೇಂದ್ರ ನಾಗರಿಕ ಸೇವಾ ಪರೀಕ್ಷೆಯ ಮುಖ್ಯ ಹಂತವನ್ನಂತೂ ಇದಕ್ಕೂ ಬಹಳ ಮೊದಲಿನಿಂದಲೇ ಕನ್ನಡದಲ್ಲಿ ಬರೆಯಲು ಅವಕಾಶವಿದೆ.

ತೊಡಕು ಹುಟ್ಟುವುದು ರಾಜ್ಯದ ಹುದ್ದೆಗಳಲ್ಲಿ ಮತ್ತು ಬ್ಯಾಂಕಿನ ಗುಮಾಸ್ತೆ ಹುದ್ದೆಗಳಲ್ಲಿ. ಸರಕಾರಿ ವಲಯದ ಬ್ಯಾಂಕುಗಳಿಗೆ ಗುಮಾಸ್ತರನ್ನು ಆರಿಸುವ ಸಾಮಾನ್ಯ ಪರೀಕ್ಷೆಯಲ್ಲಿ ಅಭ್ಯರ್ಥಿಯು ಒಂದು ರಾಜ್ಯವನ್ನು ಮಾತ್ರ ಆಯ್ದುಕೊಳ್ಳಬೇಕು. ಆ ರಾಜ್ಯದ ಅಧಿಕೃತ ಭಾಷೆಯನ್ನು ಓದಲು, ಬರೆಯಲು, ಆಡಲು ಬಲ್ಲವನಾಗಿರಬೇಕು. ಶಾಲೆಯಲ್ಲಿ ಆ ಭಾಷೆಯನ್ನು ಕಲಿತ ದಾಖಲೆಯಿಲ್ಲದವರು ಭಾಷಾ ಪರೀಕ್ಷೆಗೆ ಕುಳಿತು ಉತ್ತೀರ್ಣರಾಗಬೇಕಾಗುತ್ತದೆ. ಕಸ್ಬಾದ ಹುಡುಗಿಯೊಬ್ಬಳು ಕರ್ನಾಟಕವನ್ನು ಆರಿಸಿದಳೆನ್ನೋಣ. ಅಜ್ಜಿಯೊಡನೆ ನಿರರ್ಗಳವಾಗಿ ಮಾತನಾಡುವ ಆಕೆ ಒಂದು ಪುಟ ಕನ್ನಡವನ್ನು ತಡವರಿಸದೆ ಓದಲಾರಳು. ಒತ್ತಕ್ಷರಗಳನ್ನು ಬರೆಯುವಾಗಲಂತೂ ಕೈ ನಿಂತುಹೋಗುತ್ತದೆ. ಬಂಗಾಳವನ್ನು ಆರಿಸಿದರೂ ಅದೇ ಕಥೆ: ಬಂಗಾಳಿ ನಾಲಿಗೆಯ ಮೇಲಿದೆ, ಕೈಯಲ್ಲಿಲ್ಲ. ಎರಡು ನಾಡುಗಳ ಮಗಳಾಗಿ ಬೆಳೆದವಳು ಎರಡು ನಾಡುಗಳ ಭಾಷಾ ಪರೀಕ್ಷೆಯಲ್ಲಿಯೂ ಎಡವುವಳು. ಹೊರನಾಡಿನ ಕನ್ನಡ ಮನೆಗಳಿಗೆ ಇದಕ್ಕಿಂತ ಗಂಭೀರವಾದ ವಿಷಯ ಈ ಪ್ರಕರಣದಲ್ಲಿ ಬೇರೊಂದಿಲ್ಲ.

ಕರ್ನಾಟಕ ಲೋಕಸೇವಾ ಆಯೋಗದ ನೇಮಕಾತಿಗಳಲ್ಲಿ ಕಡ್ಡಾಯ ಕನ್ನಡ ಭಾಷಾ ಪರೀಕ್ಷೆಯಿರುತ್ತದೆ. ಗ್ರೂಪ್ ‘ಸಿ’ಯಂಥ ಹುದ್ದೆಗಳಿಗೆ ಅದು 150 ಅಂಕಗಳದು, 50 ಅಂಕಗಳನ್ನಾದರೂ ಪಡೆಯದವರ ಉಳಿದ ಪತ್ರಿಕೆಗಳಿಗೆ ಬೆಲೆಯಿಲ್ಲ. ಗ್ರಾಮೀಣ ಅಭ್ಯರ್ಥಿ ಹಾಗೂ ಕನ್ನಡ ಮಾಧ್ಯಮದ ಮೀಸಲಾತಿಗಳು ಶಾಲಾ ವ್ಯಾಸಂಗದ ದಾಖಲೆಯನ್ನೇ ಅವಲಂಬಿಸಿರುವುದರಿಂದ ಕೋಲ್ಕತ್ತದಲ್ಲಿ ಓದಿದವರಿಗೆ ಅವು ಒದಗುವುದಿಲ್ಲ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳ ಮೂಲದವರು ಮಾತ್ರ ಸಂವಿಧಾನದ 371ಜೆ ಅನುಚ್ಛೇದದ ಅನ್ವಯ 2013ರಲ್ಲಿ ಜಾರಿಗೆ ಬಂದ ಸ್ಥಳೀಯ ಮೀಸಲಾತಿಗೆ ತಾವು ಅರ್ಹರೇ ಎಂಬುದನ್ನು ಊರಿಗೆ ಹೋದಾಗ ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ ಬರುವುದು ಲೇಸು.

ಬರಹದ ಕನ್ನಡವನ್ನು ಕಲಿಯಲು ಕೋಲ್ಕತ್ತದಲ್ಲಿ ಅನುಕೂಲವಿಲ್ಲವೆಂಬ ಮಾತು ಅರ್ಧಸತ್ಯ. ಕನ್ನಡ ಸಾಹಿತ್ಯ ಪರಿಷತ್ತು ಹೊರಗಿನ ಅಭ್ಯರ್ಥಿಗಳಿಗಾಗಿಯೇ ಪ್ರವೇಶ, ಕಾವ, ಜಾಣ, ರತ್ನ ಎಂಬ ಪರೀಕ್ಷೆಗಳನ್ನು ನಡೆಸುತ್ತ ಬಂದಿದೆ. ಅಲಿಪುರದ ಬೆಲ್ವೆಡಿಯರ್ ಆವರಣದ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕನ್ನಡ ಪುಸ್ತಕಗಳಿಗೆಂದೇ ಒಂದು ವಿಭಾಗವಿದೆ. 1954ರ ಕಾಯಿದೆಯಂತೆ ದೇಶದಲ್ಲಿ ಪ್ರಕಟವಾಗುವ ಪ್ರತಿಯೊಂದು ಪುಸ್ತಕದ ಪ್ರತಿಯನ್ನೂ ಪ್ರಕಾಶಕರು ಅಲ್ಲಿಗೆ ಸಲ್ಲಿಸತಕ್ಕದ್ದು. ಧಾರವಾಡದಲ್ಲಿ ದೊರೆಯದ ಪುಸ್ತಕವೊಂದು ಅಲಿಪುರದಲ್ಲಿ ದೊರೆತರೆ ಆಶ್ಚರ್ಯವಿಲ್ಲ. ಅದನ್ನು ಕೇಳಿ ಪಡೆಯುವವರಿರಬೇಕು, ಅಷ್ಟೇ.

ಪ್ರಮಾಣಪತ್ರಗಳ ವಿಚಾರ

ಮೀಸಲಾತಿಗೆ ಅರ್ಹರಾದ ಕುಟುಂಬಗಳು ಗಮನಿಸಬೇಕಾದ ಅಂಶವೊಂದಿದೆ. ಕರ್ನಾಟಕದ ಪರಿಶಿಷ್ಟ ಅಥವಾ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿರುವ ಸಮುದಾಯವು ಪಶ್ಚಿಮ ಬಂಗಾಳಕ್ಕೆ ವಲಸೆ ಬಂದ ಮಾತ್ರಕ್ಕೆ ಇಲ್ಲಿಯ ರಾಜ್ಯ ಹುದ್ದೆಗಳಲ್ಲಿ ಆ ಸೌಲಭ್ಯವನ್ನು ಪಡೆಯುವುದಿಲ್ಲ. ಸರ್ವೋಚ್ಚ ನ್ಯಾಯಾಲಯವು 1990ರಿಂದಲೂ ಪರಿಶಿಷ್ಟ ವರ್ಗಗಳ ಕುರಿತು ಈ ನಿಲುವನ್ನೇ ತಳೆದು 2018ರಲ್ಲಿ ಮತ್ತೆ ದೃಢಪಡಿಸಿದೆ. ಕೇಂದ್ರದ ಹುದ್ದೆಗಳಿಗಾದರೆ ಮೂಲ ರಾಜ್ಯದ ಪಟ್ಟಿಯ ಆಧಾರದ ಮೇಲೆ ಸೌಲಭ್ಯ ಉಂಟು. ಆದರೆ ಪ್ರಮಾಣಪತ್ರವು ಕೇಂದ್ರ ಸರಕಾರ ನಿಗದಿಪಡಿಸಿದ ನಮೂನೆಯಲ್ಲಿಯೇ ಇರಬೇಕು. ತಂದೆಯ ಮೂಲ ದಾಖಲೆಗಳನ್ನು ಊರಿನ ತಾಲ್ಲೂಕು ಕಚೇರಿಯಿಂದ ತರಿಸಿಕೊಳ್ಳುವುದಕ್ಕೇ ತಿಂಗಳುಗಳು ಹಿಡಿಯುವುದುಂಟು. ಅರ್ಜಿಯ ಅವಧಿಯಾದರೋ ಮೂರು ನಾಲ್ಕು ವಾರ.

ಬ್ಯಾಂಕು ನೌಕರರ ಮನೆಗಳಲ್ಲಿ ಹೆಚ್ಚಾಗಿ ತಪ್ಪು ತಿಳಿವಳಿಕೆಗೆ ಒಳಗಾಗಿರುವುದು ಹಿಂದುಳಿದ ವರ್ಗಗಳ ‘ಕೆನೆಪದರ’ದ ನಿಯಮ. ವಾರ್ಷಿಕ ಆದಾಯದ ಮಿತಿಯನ್ನು 2017ರಲ್ಲಿ 8 ಲಕ್ಷ ರೂಪಾಯಿಗಳಿಗೆ ಏರಿಸಿದ ಸುದ್ದಿ ಎಲ್ಲರಿಗೂ ತಲಪಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಹೊರಟ ಮತ್ತೊಂದು ಆದೇಶ ಅಷ್ಟಾಗಿ ತಲಪಲಿಲ್ಲ. ಅದರಂತೆ ಸರಕಾರಿ ವಲಯದ ಬ್ಯಾಂಕುಗಳಲ್ಲಿ ಪ್ರಥಮ ಶ್ರೇಣಿ, ಎಂದರೆ ‘ಸ್ಕೇಲ್ 1’ ಮತ್ತು ಅದಕ್ಕೆ ಮೇಲ್ಪಟ್ಟ ಅಧಿಕಾರಿಗಳು ಗ್ರೂಪ್ ‘ಎ’ ಅಧಿಕಾರಿಗಳಿಗೆ ಸಮಾನರೆಂದು ಪರಿಗಣಿತರಾದರು. ಗುಮಾಸ್ತರ ಹಾಗೂ ಜವಾನರ ಮಕ್ಕಳಿಗೆ ಆದಾಯ ಪರೀಕ್ಷೆ. ಅಧಿಕಾರಿಯ ಮಕ್ಕಳಿಗೆ ಹುದ್ದೆಯೇ ಪರೀಕ್ಷೆ. ಇದನ್ನರಿಯದೆ ಪಡೆದ ಪ್ರಮಾಣಪತ್ರವು ಅಂತಿಮ ಪರಿಶೀಲನೆಯಲ್ಲಿ ಬಿದ್ದುಹೋದರೆ ಎರಡು ವರ್ಷಗಳ ಶ್ರಮವೂ ಅದರೊಡನೆ ಬೀಳುತ್ತದೆ.

ಹೆಸರಿನ ವಿಚಾರವೂ ಚಿಕ್ಕದಲ್ಲ. ಊರಿನ ಹೆಸರು, ತಂದೆಯ ಹೆಸರುಗಳ ಮೊದಲಕ್ಷರಗಳನ್ನು ಹೆಸರಿನ ಮುಂದೆ ಇಟ್ಟುಕೊಳ್ಳುವ ಕನ್ನಡಿಗರ ರೂಢಿಯು ಬಂಗಾಳದ ಶಾಲೆಗಳಲ್ಲಿ ಬಗೆಬಗೆಯ ರೂಪಗಳನ್ನು ತಾಳುತ್ತದೆ. ಅಂಕಪಟ್ಟಿಯಲ್ಲೊಂದು, ಆಧಾರ್ ಚೀಟಿಯಲ್ಲೊಂದು ಬಗೆಯಾಗಿದ್ದರೆ ನೋಂದಣಿಯ ಹಂತದಲ್ಲಿಯೇ ತಡೆ ಬರುತ್ತದೆ.

ಪ್ರಕಟಣೆಗಳನ್ನು ಎಲ್ಲಿ ನೋಡಬೇಕು?

ಹಿಂದೆ ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ನೋಂದಾಯಿಸಿ ಕರೆಗಾಗಿ ಕಾಯುವ ಪದ್ಧತಿಯಿತ್ತು. ಆ ಕಚೇರಿ ಕಳುಹಿಸಿದ ಹೆಸರುಗಳನ್ನಷ್ಟೇ ಪರಿಗಣಿಸದೆ ಬಹಿರಂಗ ಪ್ರಕಟಣೆಯನ್ನೂ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಹೇಳಿತು. ಆದ್ದರಿಂದ ಇಂದು ಪ್ರಕಟಣೆಯೇ ಮುಖ್ಯ. 1976ರಿಂದ ಕೇಂದ್ರ ಸರಕಾರವು ಹೊರಡಿಸುತ್ತ ಬಂದಿರುವ ‘ಎಂಪ್ಲಾಯ್‌ಮೆಂಟ್ ನ್ಯೂಸ್’ ವಾರಪತ್ರಿಕೆ, 2015ರಲ್ಲಿ ಆರಂಭವಾದ ರಾಷ್ಟ್ರೀಯ ವೃತ್ತಿ ಸೇವೆಯ ಜಾಲತಾಣ, ಆಯಾ ಆಯೋಗಗಳ ಜಾಲತಾಣಗಳು ಇವಿಷ್ಟೇ ನಂಬತಕ್ಕ ಮೂಲಗಳು. ಪ್ರಮುಖ ಆಯೋಗಗಳು ವರ್ಷದ ಪರೀಕ್ಷಾ ಪಂಚಾಂಗವನ್ನೇ ಮುಂಚಿತವಾಗಿ ಪ್ರಕಟಿಸುತ್ತವೆ. ಅದರ ಒಂದು ಪ್ರತಿ ಅಡುಗೆಮನೆಯ ಕ್ಯಾಲೆಂಡರಿನ ಪಕ್ಕದಲ್ಲಿರಲಿ.

ವಿದ್ಯಾರ್ಥಿಯಾಗಿರುವಾಗಲೇ ಅರ್ಜಿ ಸಲ್ಲಿಸಬಹುದೇ ಎಂಬ ವಿಷಯದಲ್ಲಿ ಸಂಸ್ಥೆಗಳ ನಿಯಮಗಳು ಒಂದೇ ತೆರನಾಗಿಲ್ಲ. ನಾಗರಿಕ ಸೇವೆಯ ಪೂರ್ವಭಾವಿ ಪರೀಕ್ಷೆಯನ್ನು ಪದವಿಯ ಅಂತಿಮ ವರ್ಷದವರೂ ಬರೆಯಬಹುದು. ಸಿಬ್ಬಂದಿ ನೇಮಕಾತಿ ಆಯೋಗದ ಪದವಿ ಮಟ್ಟದ ಪರೀಕ್ಷೆಗೂ ಅವರು ಅರ್ಜಿ ಸಲ್ಲಿಸಬಹುದು. ನಿಗದಿತ ದಿನಾಂಕದೊಳಗೆ ಪದವಿ ಕೈಸೇರಿರಬೇಕು. ಬ್ಯಾಂಕುಗಳ ಸಾಮಾನ್ಯ ಪರೀಕ್ಷೆಯಲ್ಲಿ ಫಲಿತಾಂಶ ಪ್ರಕಟವಾಗಿರಲೇಬೇಕು. ವಿಶ್ವವಿದ್ಯಾಲಯದ ಫಲಿತಾಂಶ ಹದಿನೈದು ದಿನ ತಡವಾದರೆ ಒಂದು ವರ್ಷವೇ ಕೈತಪ್ಪುವುದು ಹೀಗೆ.

ತರಬೇತಿಯ ಮಾರ್ಗಗಳು

‘ಇಂಟರ್ನ್‌ಶಿಪ್’ ಎಂಬ ಶಬ್ದ ಇತ್ತೀಚೆಗೆ ಪ್ರತಿ ಮನೆಯಲ್ಲಿಯೂ ಕೇಳಿಬರುತ್ತಿದೆ. ಅದರ ಬಗ್ಗೆ ಒಂದು ಮಾತನ್ನು ಆರಂಭದಲ್ಲಿಯೇ ಹೇಳಿಬಿಡುವುದು ಒಳಿತು: ಸ್ಪರ್ಧಾ ಪರೀಕ್ಷೆಗಳ ಮೂಲಕ ನಡೆಯುವ ಸರಕಾರಿ ನೇಮಕಾತಿಗಳಲ್ಲಿ ಇಂಟರ್ನ್‌ಶಿಪ್ಪಿಗೆ ಸಾಮಾನ್ಯವಾಗಿ ಅಂಕಗಳಿಲ್ಲ. ಆದರೂ ಅದು ವ್ಯರ್ಥವಲ್ಲ. ಕಡತವೊಂದು ಹೇಗೆ ಚಲಿಸುತ್ತದೆ, ತಾನು ಆ ಕೆಲಸಕ್ಕೆ ಒಗ್ಗುವೆನೇ ಎಂಬುದನ್ನು ಇಪ್ಪತ್ತರ ಹರೆಯದಲ್ಲಿಯೇ ಕಂಡುಕೊಳ್ಳುವುದು ಸಣ್ಣ ಲಾಭವೇನಲ್ಲ.

ನೀತಿ ಆಯೋಗವು ಪದವಿಯ ಎರಡನೆಯ ವರ್ಷವನ್ನು ಪೂರೈಸಿದ ಉತ್ತಮ ಅಂಕಗಳ ವಿದ್ಯಾರ್ಥಿಗಳಿಂದ ಪ್ರತಿ ತಿಂಗಳ ಆದಿಯಲ್ಲಿ ಅರ್ಜಿ ಸ್ವೀಕರಿಸುತ್ತ ಬಂದಿದೆ, ಅಲ್ಲಿ ವೇತನವಿಲ್ಲ. ರಿಸರ್ವ್ ಬ್ಯಾಂಕು ಸ್ನಾತಕೋತ್ತರ ಹಾಗೂ ತತ್ಸಮಾನ ವ್ಯಾಸಂಗದವರಿಗಾಗಿ ಬೇಸಗೆಯ ತರಬೇತಿಯನ್ನಿಟ್ಟಿದೆ. ಅದಕ್ಕೆ ಅರ್ಜಿ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿ. 1935ರಲ್ಲಿ ರಿಸರ್ವ್ ಬ್ಯಾಂಕಿನ ಕೇಂದ್ರ ಕಚೇರಿ ಮೊದಲು ತೆರೆದದ್ದೇ ಕಲ್ಕತ್ತೆಯಲ್ಲಿ, ಮುಂಬಯಿಗೆ ಸ್ಥಳಾಂತರವಾದದ್ದು 1937ರಲ್ಲಿ ಎಂಬುದನ್ನು ಸಂದರ್ಶನಕ್ಕೆ ಹೋಗುವವರು ನೆನಪಿಟ್ಟುಕೊಂಡರೆ ನಷ್ಟವಿಲ್ಲ.

2024ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯಲ್ಲಿ ತಿಂಗಳಿಗೆ 5,000 ರೂಪಾಯಿಗಳ ಸಹಾಯಧನವಿತ್ತು. ಆ ಹಂತದ ನಿಯಮಗಳನ್ನು ಪೂರ್ತಿ ಓದದೆ ಸಂತೋಷಪಟ್ಟವರೇ ಹೆಚ್ಚು. ವಯಸ್ಸು 21ರಿಂದ 24. ಪೂರ್ಣಾವಧಿ ವ್ಯಾಸಂಗದಲ್ಲಿರುವವರು ಅನರ್ಹರು. ಕುಟುಂಬದ ಆದಾಯ 8 ಲಕ್ಷ ರೂಪಾಯಿಗಳನ್ನು ಮೀರಿರಕೂಡದು. ಕುಟುಂಬದಲ್ಲಿ ಯಾರೊಬ್ಬರೂ ಖಾಯಂ ಸರಕಾರಿ ನೌಕರರಾಗಿರಕೂಡದು. ವರ್ಗಾವಣೆಯಿಂದ ಕೋಲ್ಕತ್ತಕ್ಕೆ ಬಂದ ಮನೆಗಳ ಮಕ್ಕಳಲ್ಲಿ ಅನೇಕರು ಕೊನೆಯ ಷರತ್ತಿನಲ್ಲಿಯೇ ಹೊರಗುಳಿದರು. ಸ್ವಂತ ಹೋಟೆಲು, ವ್ಯಾಪಾರ, ಖಾಸಗಿ ದುಡಿಮೆಯ ಮನೆಗಳಿಗೆ ಅದು ಹೆಚ್ಚು ಉಪಯುಕ್ತ.

ಅಪ್ರೆಂಟಿಸ್‌ಗಿರಿ ಬೇರೆಯದೇ ವಿಷಯ. ಅದಕ್ಕೆ 1961ರ ಕಾಯಿದೆಯ ಆಧಾರವಿದೆ, ಕರಾರುಪತ್ರವಿದೆ, ನಿಗದಿತ ಭತ್ಯೆಯಿದೆ. ಪದವೀಧರ ಹಾಗೂ ಡಿಪ್ಲೊಮಾ ಪಡೆದವರಿಗಾಗಿ ಪೂರ್ವ ವಲಯದ ಪ್ರಾಯೋಗಿಕ ತರಬೇತಿ ಮಂಡಳಿಯು ಸಾಲ್ಟ್ ಲೇಕಿನಲ್ಲಿದೆ. ಪೂರ್ವ ರೈಲ್ವೆಯ ಲಿಲುವಾ, ಕಾಂಚರಾಪಾಡಾ ಕಾರ್ಯಾಗಾರಗಳು, ಗಾರ್ಡನ್ ರೀಚಿನ ಹಡಗುಕಟ್ಟೆ ಇವು ಕಸ್ಬಾದಿಂದ ನಿತ್ಯ ಹೋಗಿ ಬರಬಹುದಾದ ತರಬೇತಿ ಸ್ಥಳಗಳು. ತರಬೇತಿ ಮುಗಿಸಿದವರಿಗೆ ನೌಕರಿ ಕೊಡಲೇಬೇಕೆಂಬ ಬಾಧ್ಯತೆಯನ್ನು ಕಾಯಿದೆಯು ಮಾಲೀಕರ ಮೇಲೆ ಹೊರಿಸಿಲ್ಲ. ಆದರೆ ರೈಲ್ವೆಯ ಮೊದಲ ಹಂತದ ಹುದ್ದೆಗಳಲ್ಲಿ ಶೇಕಡಾ 20ರಷ್ಟನ್ನು ಅಂಥ ತರಬೇತಿ ಪಡೆದವರಿಗೆ ಕಾದಿರಿಸಲಾಗಿದೆ. ಬ್ಯಾಂಕುಗಳೂ ಈಚೆಗೆ ಪದವೀಧರ ಅಪ್ರೆಂಟಿಸರನ್ನು ಒಂದು ವರ್ಷದ ಅವಧಿಗೆ ತೆಗೆದುಕೊಳ್ಳುತ್ತಿವೆ. 2024ರಲ್ಲಿ ಕೆನರಾ ಬ್ಯಾಂಕು 3,000 ಸ್ಥಾನಗಳಿಗೆ ತಿಂಗಳಿಗೆ 15,000 ರೂಪಾಯಿಗಳ ಭತ್ಯೆಯೊಡನೆ ಅರ್ಜಿ ಕರೆದಿತ್ತು. ಅಲ್ಲಿಯೂ ಸ್ಥಳೀಯ ಭಾಷೆಯ ಪರೀಕ್ಷೆ ತಪ್ಪಿದ್ದಲ್ಲ. ಒಮ್ಮೆ ಅಪ್ರೆಂಟಿಸ್ ತರಬೇತಿ ಪಡೆದವರು ಮತ್ತೊಮ್ಮೆ ಅರ್ಹರಲ್ಲವೆಂಬ ಷರತ್ತೂ ಇರುವುದರಿಂದ, ಮೊದಲು ಕಂಡ ಬಾಗಿಲನ್ನು ಹೊಕ್ಕುಬಿಡುವ ಆತುರ ತರವಲ್ಲ.

ವಿಜ್ಞಾನದ ವಿದ್ಯಾರ್ಥಿಗಳ ಪಾಲಿಗೆ ಈ ನಗರ ಮತ್ತಷ್ಟು ಉದಾರಿ. ಚಂದ್ರಶೇಖರ ವೆಂಕಟರಾಮನ್ ಅವರು 1907ರಲ್ಲಿ ಹಣಕಾಸು ಇಲಾಖೆಯ ಸ್ಪರ್ಧಾ ಪರೀಕ್ಷೆಯಲ್ಲಿ ಆಯ್ಕೆಯಾಗಿ ಕಲ್ಕತ್ತೆಗೆ ಅಧಿಕಾರಿಯಾಗಿ ಬಂದವರು. ಕಚೇರಿಯ ವೇಳೆಯ ಹಿಂದುಮುಂದಿನ ಗಂಟೆಗಳಲ್ಲಿ ಬೌಬಜಾರಿನ ವಿಜ್ಞಾನ ಸಂಸ್ಥೆಯಲ್ಲಿ ಪ್ರಯೋಗ ನಡೆಸಿದವರು. 1917ರಲ್ಲಿ ಸರಕಾರಿ ಹುದ್ದೆಯನ್ನು ಬಿಟ್ಟು ಕಡಿಮೆ ಸಂಬಳದ ಪ್ರಾಧ್ಯಾಪಕ ಪೀಠವನ್ನು ಒಪ್ಪಿಕೊಂಡರು. ಆ ಸಂಸ್ಥೆ ಇಂದು ಕಸ್ಬಾಕ್ಕೆ ಅನತಿದೂರದ ಜಾದವಪುರದಲ್ಲಿದೆ. ಅವರೇ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯು ಇತರ ಎರಡು ಅಕಾಡೆಮಿಗಳೊಡಗೂಡಿ ಪ್ರತಿ ಬೇಸಗೆಯಲ್ಲಿ ವಿದ್ಯಾರ್ಥಿಗಳಿಗೆ ಎರಡು ತಿಂಗಳ ಸಂಶೋಧನ ಸಹಾಯವೇತನ ನೀಡುತ್ತ ಬಂದಿದೆ. ಕೋಲ್ಕತ್ತದ ಕನ್ನಡ ವಿದ್ಯಾರ್ಥಿಗೆ ಬೆಂಗಳೂರಿನ ಪ್ರಯೋಗಾಲಯವನ್ನು ಕಾಣಲು ಇದಕ್ಕಿಂತ ಗೌರವದ ದಾರಿ ವಿರಳ.

ಕಸ್ಬಾದಲ್ಲಿ ನಡೆದದ್ದು

ಸರಕಾರಿ ಮುದ್ರೆಯ ಮೋಹ ಎಂಥ ಅನಾಹುತಕ್ಕೆ ಎಡೆಮಾಡಬಲ್ಲುದೆಂಬುದಕ್ಕೆ ಕಸ್ಬಾ ನಿವಾಸಿಗಳು ದೂರ ಹೋಗಬೇಕಾಗಿಲ್ಲ. 2021ರ ಜೂನ್ ತಿಂಗಳಲ್ಲಿ ಇಲ್ಲಿಯೇ ಒಬ್ಬಾತ ತಾನು ಆಡಳಿತ ಸೇವೆಯ ಅಧಿಕಾರಿ, ಮಹಾನಗರಪಾಲಿಕೆಯ ಜಂಟಿ ಆಯುಕ್ತನೆಂದು ಹೇಳಿಕೊಂಡು ಕೋವಿಡ್ ಲಸಿಕೆಯ ನಕಲಿ ಶಿಬಿರ ನಡೆಸಿದ. ಲಸಿಕೆ ಪಡೆದವರಲ್ಲಿ ಜಾದವಪುರದ ಅಂದಿನ ಸಂಸತ್ಸದಸ್ಯೆಯೂ ಒಬ್ಬರು. ತಮಗೆ ಪ್ರಮಾಣಪತ್ರದ ಸಂದೇಶ ಬಾರದಿದ್ದಾಗ ಅವರು ಸಂಶಯಗೊಂಡದ್ದರಿಂದಲೇ ಗುಟ್ಟು ರಟ್ಟಾಯಿತು. ಶೀಷೆಗಳ ಮೇಲಿನ ಚೀಟಿಯ ಕೆಳಗಿದ್ದುದು ಅಮಿಕಾಸಿನ್ ಎಂಬ ಬೇರೆಯೇ ಔಷಧಿಯ ಹೆಸರು. ಆತ ಕಸ್ಬಾದಲ್ಲಿ ಕಚೇರಿಯನ್ನೇ ತೆರೆದಿದ್ದ. ಅಲ್ಲಿ ಸಂಬಳಕ್ಕೆ ದುಡಿಯುವವರೂ ಇದ್ದರು. ಕೆಂಪು ದೀಪ, ನಾಮಫಲಕ, ಮೊಹರುಗಳಿಗೆ ಮಣಿಯುವ ಸ್ವಭಾವ ವಿದ್ಯಾವಂತರಲ್ಲಿಯೂ ಕಡಿಮೆಯೇನಿಲ್ಲ.

ನೌಕರಿ ಕೊಡಿಸುವ ದಲ್ಲಾಳಿಯೂ ಇದೇ ಬಂಡವಾಳದಿಂದ ವ್ಯಾಪಾರ ಮಾಡುವವನು. ‘ಸಂದರ್ಶನದಲ್ಲಿ ಅಂಕ ಹಾಕಿಸುತ್ತೇನೆ’ ಎಂಬುದು ಅವನ ಹಳೆಯ ಮಾತು. ಕೇಂದ್ರ ಸರಕಾರವು ಗ್ರೂಪ್ ‘ಸಿ’ ಹಾಗೂ ಗೆಜೆಟೆಡ್ ಅಲ್ಲದ ಗ್ರೂಪ್ ‘ಬಿ’ ಹುದ್ದೆಗಳಿಗೆ ಸಂದರ್ಶನವನ್ನೇ 2016ರ ಜನವರಿ 1ರಿಂದ ಕೈಬಿಟ್ಟಿದೆ. ಇಲ್ಲದ ಸಂದರ್ಶನದಲ್ಲಿ ಯಾರು ಯಾರಿಗೆ ಅಂಕ ಹಾಕಿಸುವುದು? ಅಡ್ಡದಾರಿಯಲ್ಲಿ ದೊರೆತ ನೌಕರಿಯೂ ಉಳಿಯುವುದಿಲ್ಲ. ಕರ್ನಾಟಕದಲ್ಲಿ 545 ಪೊಲೀಸ್ ಸಬ್‌ಇನ್‌ಸ್ಪೆಕ್ಟರ್ ಹುದ್ದೆಗಳಿಗಾಗಿ 2021ರಲ್ಲಿ ನಡೆದ ಪರೀಕ್ಷೆ ಅಕ್ರಮದ ಕಾರಣ ರದ್ದಾಗಿ 2024ರ ಜನವರಿಯಲ್ಲಿ ಮರುಪರೀಕ್ಷೆಯಾಯಿತು. ಪಶ್ಚಿಮ ಬಂಗಾಳದಲ್ಲಿ 2016ರ ಶಾಲಾ ನೇಮಕಾತಿಗೆ ಸೇರಿದ 25,000ಕ್ಕೂ ಮಿಕ್ಕ ನೇಮಕಗಳನ್ನು ಸರ್ವೋಚ್ಚ ನ್ಯಾಯಾಲಯ 2025ರ ಏಪ್ರಿಲ್ 3ರಂದು ಅನೂರ್ಜಿತಗೊಳಿಸಿತು. ಅವರಲ್ಲಿ ಹಣ ಕೊಡದೆ ಓದಿ ಬಂದವರೂ ಇದ್ದರೆಂಬುದು ಈ ಪ್ರಕರಣದ ಅತ್ಯಂತ ದಾರುಣವಾದ ಭಾಗ; ಕಳ್ಳರ ಗುಂಪಿನಲ್ಲಿ ಸಿಕ್ಕಿಬಿದ್ದ ದಾರಿಹೋಕರ ಸ್ಥಿತಿ ಅವರದು. 2024ರ ಜೂನ್ 21ರಿಂದ ಜಾರಿಯಲ್ಲಿರುವ ಕೇಂದ್ರ ಕಾಯಿದೆಯು ಸಂಘಟಿತ ಪರೀಕ್ಷಾ ಅಕ್ರಮಕ್ಕೆ ಹತ್ತು ವರ್ಷಗಳವರೆಗೆ ಸೆರೆವಾಸವನ್ನೂ ಕನಿಷ್ಠ ಒಂದು ಕೋಟಿ ರೂಪಾಯಿ ದಂಡವನ್ನೂ ವಿಧಿಸುತ್ತದೆ.

ದೇಹಾರೋಗ್ಯದ ಪರೀಕ್ಷೆ

ಆರೋಗ್ಯದ ಲೇಖನಗಳ ನಡುವೆ ಅಚ್ಚಾಗುವ ಈ ಬರಹದಲ್ಲಿ ವೈದ್ಯಕೀಯ ಅರ್ಹತೆಯನ್ನು ಕುರಿತು ನಾಲ್ಕು ಮಾತು ಅಪ್ರಸ್ತುತವಾಗದು. ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಕನ್ನಡಕವಿಲ್ಲದೆಯೇ ಎರಡೂ ಕಣ್ಣುಗಳಲ್ಲಿ 6/6 ದೂರದೃಷ್ಟಿಯಿರಬೇಕು. ಬಣ್ಣಗಳ ಗುರುತು ನಿಖರವಾಗಿರಬೇಕು. ಲೇಸರ್ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಿಕೊಂಡ ಕಣ್ಣನ್ನು ಒಪ್ಪುವುದಿಲ್ಲ. ಕೇಂದ್ರ ಸಶಸ್ತ್ರ ಪಡೆಗಳ ಕಾನ್‌ಸ್ಟೇಬಲ್ ಹುದ್ದೆಗೆ ಸಾಮಾನ್ಯವಾಗಿ ಪುರುಷರಿಗೆ 170, ಮಹಿಳೆಯರಿಗೆ 157 ಸೆಂಟಿಮೀಟರ್ ಎತ್ತರ ಅಗತ್ಯ. ಪುರುಷರು 5 ಕಿಲೋಮೀಟರುಗಳನ್ನು 24 ನಿಮಿಷಗಳಲ್ಲಿ, ಮಹಿಳೆಯರು 1.6 ಕಿಲೋಮೀಟರುಗಳನ್ನು ಎಂಟೂವರೆ ನಿಮಿಷಗಳಲ್ಲಿ ಓಡಬೇಕು. ಚಪ್ಪಟೆ ಪಾದ, ಪರಸ್ಪರ ತಾಕುವ ಮೊಣಕಾಲುಗಳು ಅನರ್ಹತೆಗೆ ಕಾರಣಗಳು. ಲಿಖಿತ ಪರೀಕ್ಷೆಯಲ್ಲಿ ಗೆದ್ದ ಮೇಲೆ ಇವು ತಿಳಿದುಬಂದರೆ ಆಗುವ ಆಘಾತ ಎಳೆಯರ ಮನಸ್ಸನ್ನು ಬಹುಕಾಲ ಕಾಡುತ್ತದೆ. ನೇತ್ರವೈದ್ಯರ ಬಳಿ ಅರ್ಧ ಗಂಟೆ ಕಳೆದರೆ, ಬಣ್ಣದ ಚುಕ್ಕೆಗಳ ಪುಸ್ತಕವನ್ನು ಒಮ್ಮೆ ನೋಡಿದರೆ, ಮೂರು ವರ್ಷಗಳ ದಿಕ್ಕು ಮೊದಲೇ ಗೊತ್ತಾಗುತ್ತದೆ.

ಓಟದ ಅಭ್ಯಾಸಕ್ಕೆ ಸಮೀಪದ ರವೀಂದ್ರ ಸರೋವರದ ದಂಡೆಯಿದೆ. ಏಪ್ರಿಲ್‌ನಿಂದ ಜೂನ್‌ವರೆಗಿನ ಕೋಲ್ಕತ್ತದ ಸೆಖೆಯಲ್ಲಿ ಬಿಸಿಲೇರಿದ ಮೇಲೆ ಓಡುವುದು ಅಪಾಯಕರ. ಬೆಳಿಗ್ಗೆ ಆರರೊಳಗೆ ಮುಗಿಸಿ, ಉಪ್ಪು ಬೆರೆಸಿದ ನೀರುಮಜ್ಜಿಗೆಯನ್ನು ಧಾರಾಳವಾಗಿ ಕುಡಿಯಬೇಕು. ಕೊನೆಯ ವಾರದಲ್ಲಿ ನಿದ್ದೆಗೆಟ್ಟು ಓದಿ, ಪರೀಕ್ಷಾ ಕೇಂದ್ರದ ಗಣಕಯಂತ್ರದ ಮುಂದೆ ತೂಕಡಿಸುವ ಅಭ್ಯರ್ಥಿಗಳ ಸಂಖ್ಯೆ ಕಡಿಮೆಯಿಲ್ಲವಾದ್ದರಿಂದ, ಪರೀಕ್ಷೆಯ ಹಿಂದಿನ ರಾತ್ರಿ ಹತ್ತು ಗಂಟೆಗೆ ದೀಪವಾರಿಸುವ ಹೊಣೆಯನ್ನು ಮನೆಯ ಹಿರಿಯರು ವಹಿಸಿಕೊಳ್ಳುವುದು ಉಚಿತ.